ಕರ್ಜಣದ ದಾರಿಯಲ್ಲಿ ಕಾರು ಓಡಿಸಿದವರು

ಬರೋಡಾ,
೪ ಮಾರ್ಚ್ ೧೯೬೭, ಶನಿವಾರ

ಪಟ್ಟಾಭಿರಾಮ ಅವರಿಗೆ,

ಹನ್ನೆರಡು ವರ್ಷಗಳಿಂದ ನಿಮಗೆ ಬರೆದ ಕಾಗದಗಳನ್ನೆಲ್ಲ "ಪೂಜ್ಯರ ಪಾದಗಳಿಗೆ" ಎಂದೇ ಶುರು ಮಾಡಿದ್ದೇನೆ. ನಿಮ್ಮ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ರೇಷನ್ ಆಫೀಸಿನವನು ಗಂಡನ ಹೆಸರು ಕೇಳಿದರೆ ಮಗಳು ತಾರಾಳ ಕೈಯಲ್ಲಿ ಹೇಳಿಸುತ್ತಿದ್ದೆ. ಇವತ್ತು ನಿಮ್ಮ ಹೆಸರು ಬರೆಯುತ್ತಿರುವುದು ಎರಡನೇ ಸಲ. ಮೊದಲನೇ ಸಲ ಬರೆದದ್ದು ನಿನ್ನೆ, ಕರ್ಜಣದ ಪೊಲೀಸ್ ಠಾಣೆಯಲ್ಲಿ.

ಸೋಮವಾರ ನೀವು ದೆಹಲಿಯಿಂದ ಬರುವ ಹೊತ್ತಿಗೆ ಈ ಕಾಗದ ಮನೆಗೆ ಬಂದಿರುತ್ತದೆ. ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇದೆ. ಒಳಗೆ ಹೋಗಿ, ಕೂತುಕೊಂಡು, ಕೊನೆಯ ತನಕ ಓದಿ. ಅರ್ಧ ಓದಿ ಟ್ರಂಕ್ ಕಾಲ್ ಮಾಡುವುದು, ನನ್ನ ಗೆಳತಿ ಇಂದಿರಾಳ ಯಜಮಾನರಿಗೆ ತಂತಿ ಕೊಡುವುದು, ಇವೆಲ್ಲ ಬೇಡ. ನಾನೂ ತಾರಾಳೂ ಬರೋಡಾದ ಗೋರ್ವಾದಲ್ಲಿ ಇಂದಿರಾಳ ಮನೆಯಲ್ಲೇ ಇದ್ದೇವೆ, ಚೆನ್ನಾಗಿದ್ದೇವೆ.

ಮೊದಲು ನವೆಂಬರಿನಲ್ಲಿ ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಯಾಕೆಂದರೆ ನೀವು ಮೂರು ತಿಂಗಳಿಂದ ಬೇರೊಂದು ಕಥೆ ಹೇಳಿ ಹೇಳಿ, ಈಗ ಅದನ್ನೇ ನಂಬಿ ಕೂತಿದ್ದೀರಿ.

ಸೂರತ್ತಿನಲ್ಲಿ ನಿಮ್ಮ ತಂಗಿ ಊರ್ಮಿಳಾಳ ಮಗುವಿನ ನಾಮಕರಣ. ರೈಲಿಗೆ ಹೋಗೋಣ ಅಂದೆ. "ಮನೇಲಿ ಫಿಯೆಟ್ ಇಟ್ಕೊಂಡು ರೈಲಲ್ಲಿ ನೂಕಿಸ್ಕೊಂಡು ಹೋಗೋದಾ?" ಅಂದಿರಿ. ಸರಿ, ಬರೋಡಾವರೆಗೆ ನೀವು, ಅಲ್ಲಿಂದ ಮುಂದೆ ನಾನು ಓಡಿಸುವುದು ಎಂದು ಮಾತಾಯಿತು. ಮಾತಾಗಿದ್ದು ನಿಮ್ಮ ಬಾಯಿಂದಲೇ. ನಮ್ಮಪ್ಪ ತಿಪಟೂರಿನಲ್ಲಿ ಬಸ್ಸು ಇಟ್ಟಿದ್ದವರು, ನಾನು ಹದಿನೇಳು ವರ್ಷಕ್ಕೇ ಸಂತೆ ಮೈದಾನದಲ್ಲಿ ಖಾಲಿ ಬಸ್ಸು ಸುತ್ತಿಸಿದವಳು ಎಂದು ನಿಮ್ಮ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದವರು ನೀವು. ಅಹಮದಾಬಾದಿನಲ್ಲಿ ನನಗೆ ಲೈಸೆನ್ಸು ಸಿಕ್ಕಿದ ದಿನ ಜಿಲೇಬಿ ತಂದಿರಿ. ಸುಳ್ಳು ಹೇಳುವುದಿಲ್ಲ, ಆ ದಿನ ನಿಮ್ಮ ಕಣ್ಣಲ್ಲಿ ಇದ್ದದ್ದು ನಿಜವಾದ ಸಂತೋಷವೇ.

ಬೆಳಿಗ್ಗೆ ಆರಕ್ಕೆ ಶಾಹಿಬಾಗಿನ ಮನೆ ಬಿಟ್ಟೆವು. ನಡಿಯಾದಿನಲ್ಲಿ ಚಹಾ. ವಾಸದ್ ಹತ್ತಿರ ಮಹೀ ನದಿಯ ಸೇತುವೆ ಮೇಲೆ ನಿಲ್ಲಿಸಿ ತಾರಾಳಿಗೆ ನೀರು ತೋರಿಸಿದಿರಿ. ಎಲ್ಲ ಚೆನ್ನಾಗಿತ್ತು. ಇಂದಿರಾಳ ಮನೆಯಲ್ಲಿ ಊಟಕ್ಕೆ ನಿಲ್ಲಿಸಿದೆವಲ್ಲ, ಅಲ್ಲಿ ಕೆಟ್ಟಿತು. ಊಟವಾದ ಮೇಲೆ ನಾನು ಕೀಲಿ ಕೈಗೆ ತೆಗೆದುಕೊಂಡಾಗ ಇಂದಿರಾಳ ಯಜಮಾನರು ಬಾಗಿಲಲ್ಲಿ ನಿಂತು, "ಏನು ಸ್ವಾಮಿ, ಮನೆಯವರೇ ಡ್ರೈವರ್ರಾ? ಪುಣ್ಯವಂತರು ಬಿಡಿ, ಹಿಂದೆ ಕೂತು ನಿದ್ದೆ ಮಾಡಿ" ಅಂದರು. ಅವರು ತಮಾಷೆಗೆ ಅಂದದ್ದು. ನೀವು ನನ್ನ ಕೈಯಿಂದ ಕೀಲಿ ಕಿತ್ತುಕೊಂಡಿರಿ. ಕೊಡಿ ಅಂತ ಕೇಳಿ ಇಸಕೊಂಡಿದ್ದಲ್ಲ, ಕಿತ್ತುಕೊಂಡಿದ್ದು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಇಂದಿರಾ ನೋಡಿದಳು. ನಾನು ಸೆರಗು ಮುಚ್ಚಿಕೊಂಡು ಎಡಗಡೆ ಬಾಗಿಲು ತೆಗೆದು ಕೂತೆ.

ಅಲ್ಲಿಂದ ಕರ್ಜಣದ ದಾರಿ ಹಿಡಿದಿರಿ. ಹೊಟ್ಟೆ ತುಂಬ ಹೋಳಿಗೆ, ತಲೆ ತುಂಬ ಸಿಟ್ಟು, ನೆತ್ತಿಯ ಮೇಲೆ ಬಿಸಿಲು. ಭರೂಚಿನ ಹಳೆಯ ಸೇತುವೆಯಲ್ಲಿ ಒಂದು ಸಲಕ್ಕೆ ಒಂದೇ ಕಡೆಯವರನ್ನು ಬಿಡುತ್ತಾರೆ, ಆ ಕಡೆಯ ಗಾಡಿಗಳನ್ನು ಬಿಟ್ಟುಬಿಟ್ಟರೆ ಗಂಟೆಗಟ್ಟಲೆ ಕಾಯಬೇಕು ಎಂದು ನೀವು ವೇಗ ಹೆಚ್ಚಿಸಿದಿರಿ. ಹತ್ತಿಯ ಗಾಡಿಗಳನ್ನು ದಾಟಿದಿರಿ. ನಿಧಾನ ಅಂದೆ. "ಗೊತ್ತು" ಅಂದಿರಿ. ಹಿಂದಿನ ಸೀಟಿನಲ್ಲಿ ತಾರಾ ಸ್ಕೂಲಿನಲ್ಲಿ ಕಲಿತ ಗುಜರಾತಿ ಪದ್ಯವೊಂದನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನನ್ನ ಮೇಲಿನ ಕೋಪಕ್ಕೆ ಅವಳು ಸಿಕ್ಕಿದಳು. ಪೂರ್ತಿ ಹಿಂದಕ್ಕೆ ತಿರುಗಿ, "ಎಷ್ಟು ಸಲ ಹೇಳಿದೀನಿ ನಿಂಗೆ, ನನ್ನ ಮುಂದೆ ಕನ್ನಡದಲ್ಲಿ ಮಾತಾಡು ಅಂತ!" ಎಂದು ಕೂಗಿದಿರಿ.

ಅಷ್ಟರಲ್ಲಿ ಸದ್ದಾಯಿತು.

ಸೈಕಲ್ ನಮ್ಮ ಮುಂದಿನ ಚಕ್ರದ ಕೆಳಗಿತ್ತು. ಸವಾರ ಬೇವಿನ ಮರದ ಬುಡದಲ್ಲಿ ಬಿದ್ದಿದ್ದ. ಹೊಲಿದು ಮಡಿಸಿದ ರವಿಕೆ, ಚಡ್ಡಿಗಳ ಗಂಟು ಬಿಚ್ಚಿಹೋಗಿ ಬಟ್ಟೆಗಳು ರಸ್ತೆಯ ತುಂಬ ಚೆಲ್ಲಾಡಿದ್ದವು. ಆತ ಛಗನ್‌ಭಾಯಿ, ಅಲ್ಲೇ ಹತ್ತಿರದ ಹಳ್ಳಿಯ ದರ್ಜಿ. ಬಲಗಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ನಾನು ಓಡಿಹೋಗಿ ಸೀರೆಯ ಸೆರಗು ಹರಿದು, ಮುರಿದ ಕೊಂಬೆಯೊಂದನ್ನು ಇಟ್ಟು ಕಟ್ಟಿದೆ. ನೀವು ಕಾರಿನ ಪಕ್ಕದಲ್ಲೇ ನಿಂತು ಹಿಂದೆ ಮುಂದೆ ನೋಡುತ್ತಿದ್ದಿರಿ. ರಸ್ತೆಯಲ್ಲಿ ಆಗ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಕಟ್ಟುತ್ತಿರುವಾಗಲೇ ನೀವು ಹತ್ತಿರ ಬಂದು ಬಗ್ಗಿ ಹೇಳಿದಿರಿ. ಇವನನ್ನು ಆಸ್ಪತ್ರೆಗೆ ಹೇಗೆ ಸಾಗಿಸೋಣ ಎಂದಲ್ಲ. "ರಮಾ, ನೀನು ಓಡಿಸ್ತಿದ್ದೆ ಅಂತ ಹೇಳ್ಬಿಡೋಣ. ಹೆಂಗಸು ಅಂದ್ರೆ ಜನ ಕೈ ಮಾಡಲ್ಲ, ಮ್ಯಾಜಿಸ್ಟ್ರೇಟೂ ಬಿಟ್ಬಿಡ್ತಾನೆ. ನನ್ನ ಕ್ಲಾಸ್ ಒನ್ ಪ್ರಮೋಷನ್ ಫೈಲು ದೆಹಲಿಗೆ ಹೋಗಿದೆ ಕಣೇ. ಈಗ ಕೇಸಾದ್ರೆ ಮುಗೀತು."

ಆಮೇಲೆ ಜನ ಬಂದರು. ಲಾರಿಯೊಂದು ನಿಂತು ಛಗನ್‌ಭಾಯಿಯನ್ನು ಬರೋಡಾ ಆಸ್ಪತ್ರೆಗೆ ಕರೆದುಕೊಂಡು ಹೋಯಿತು. ಹೆಡ್ ಕಾನ್‌ಸ್ಟೇಬಲ್ ಬಂದ. ನಾವಿಬ್ಬರೂ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದುದನ್ನು ನೋಡಿ, ಮಕ್ಕಳು ಸುಳ್ಳು ಹೇಳುವುದಿಲ್ಲ ಅಂತಲೋ ಏನೋ, ಸೀದಾ ತಾರಾಳ ಮುಂದೆ ಕುಕ್ಕರಗಾಲಲ್ಲಿ ಕೂತು ಗುಜರಾತಿಯಲ್ಲಿ, "ಗಾಡಿ ಯಾರು ಓಡಿಸುತ್ತಿದ್ದರು ಮಗಳೇ?" ಎಂದು ಕೇಳಿದ.

ಆಗ ನೀವು ಏನು ಮಾಡಿದಿರಿ ಎನ್ನುವುದು ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ದಿನಾ ನೆನಪಾಗುತ್ತದೆ. ಮುಖದ ಮೇಲೆ ನಗು ತಂದುಕೊಂಡಿರಿ. ಮನೆಗೆ ಬಂದವರ ಮುಂದೆ ಮಗುವಿನ ಕೈಯಲ್ಲಿ ಹಾಡು ಹೇಳಿಸುವಾಗ ಪುಸಲಾಯಿಸುತ್ತೇವಲ್ಲ, ಅದೇ ದನಿಯಲ್ಲಿ, ಕನ್ನಡದಲ್ಲಿ, "ಹೆದರ್ಕೋಬೇಡ ಪುಟ್ಟಾ. ಅಮ್ಮ ಓಡಿಸ್ತಿದ್ಲು ಅಂತ ಹೇಳು" ಅಂದಿರಿ. ಕಾನ್‌ಸ್ಟೇಬಲ್ಲಿಗೆ ಅದು ಅಪ್ಪ ಮಗಳಿಗೆ ಧೈರ್ಯ ಹೇಳಿದ ಹಾಗೆ ಕೇಳಿಸಿರಬೇಕು. ಮಗು ನನ್ನ ಮುಖ ನೋಡಿದಳು. ನಾನು ರಸ್ತೆಯ ಮೇಲೆ ಬಿದ್ದಿದ್ದ ಬಟ್ಟೆ ನೋಡಿದೆ. ಅವಳು, "ಮಮ್ಮಿ" ಅಂದಳು. ಕಾನ್‌ಸ್ಟೇಬಲ್ ಅವಳ ತಲೆ ಸವರಿ ಬರೆದುಕೊಂಡ.

ನನ್ನ ತಪ್ಪನ್ನೂ ಬರೆಯುತ್ತೇನೆ. "ನಾನಲ್ಲ" ಎನ್ನುವಷ್ಟು ಗುಜರಾತಿ ನನಗೂ ಬರುತ್ತಿತ್ತು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲು ಬರುವ ಭಾಷೆ ಅಲ್ಲಿ ಬರಲಿಲ್ಲವೇ? ನಾನೇ ಬಾಯಿ ಬಿಡಲಿಲ್ಲ. ಕೈಚೀಲದಿಂದ ಲೈಸೆನ್ಸು ತೆಗೆದು ಕೊಟ್ಟೆ, ತೋರಿಸಿದ ಕಡೆ ಸಹಿ ಹಾಕಿದೆ. ಗಂಡನ ನೌಕರಿ, ಮನೆಯ ಮಾನ ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಕೀಲಿ ಕಿತ್ತುಕೊಂಡವರು ಅರ್ಧ ಗಂಟೆಯಲ್ಲಿ ನನ್ನ ಮುಂದೆ ಬಗ್ಗಿ ನಿಂತು ಬೇಡುತ್ತಿದ್ದೀರಲ್ಲ ಎಂದು ಒಳಗೊಳಗೇ ಒಂದು ಬಗೆಯ ಗೆಲುವು ಅನ್ನಿಸಿತ್ತು. ಇನ್ನು ಇವರು ಜನ್ಮವಿಡೀ ನನಗೆ ಎದುರು ಹೇಳುವುದಿಲ್ಲ ಅಂದುಕೊಂಡೆ. ಇಂಥ ಯೋಚನೆ ಮಾಡುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಮನುಷ್ಯನ ರಕ್ತ ಹರಿದಿತ್ತು, ನನ್ನ ಮಗಳು ಸುಳ್ಳು ಹೇಳುತ್ತಿದ್ದಳು. ಇದಕ್ಕೆ ನನಗೆ ನಾನೇ ಕ್ಷಮೆ ಕೊಟ್ಟುಕೊಂಡಿಲ್ಲ. ನಿಮ್ಮ ಮೇಲೆ ಕೋಪ ಮಾಡುವ ಹಕ್ಕು ಅದರಿಂದ ಹೋಗಿಬಿಡುವುದೂ ಇಲ್ಲ.

ಸೂರತ್ತಿನಲ್ಲಿ ನಿಮ್ಮ ತಂಗಿಯ ಮುಂದೆಯಾದರೂ ನಿಜ ಹೇಳುತ್ತೀರಿ ಅಂದುಕೊಂಡೆ. "ಪಾಪ, ಇವಳಿಗೆ ಕೈ ತಪ್ಪಿತು, ಯಾರೂ ಅವಳನ್ನ ಏನೂ ಅನ್ಬೇಡಿ" ಅಂದಿರಿ. ಎಲ್ಲರೂ ನಿಮ್ಮ ಒಳ್ಳೆಯತನವನ್ನು ಹೊಗಳಿದರು. ವಾಪಸು ಬರುವಾಗ ಆಸ್ಪತ್ರೆಯ ಮುಂದೆ ನಿಲ್ಲಿಸಿ, ನೀವು ಕಾರಿನಲ್ಲೇ ಕೂತು, ನನ್ನ ಕೈಗೆ ಮೋಸಂಬಿ ಕೊಟ್ಟು ಕಳಿಸಿದಿರಿ. ಛಗನ್‌ಭಾಯಿಯ ಹೆಂಡತಿ ಜಸೋದಾಬೇನ್ ಆ ಹಣ್ಣನ್ನು ವಾರ್ಡಿನ ಬಾಗಿಲಾಚೆ ಎಸೆದಳು. ಹಣ್ಣುಗಳು ಕಾರಿಡಾರಿನಲ್ಲಿ ಉರುಳಿಕೊಂಡು ಹೋದವು, ನಾನು ಒಂದೊಂದನ್ನೇ ಆಯ್ದುಕೊಂಡು ಬಂದೆ. ಏನಾಯಿತು ಎಂದು ನೀವು ಕೇಳಲಿಲ್ಲ. ದಾರಿಯಲ್ಲಿ ಒಂದು ಹಣ್ಣು ಸುಲಿದು ತಿಂದಿರಿ.

ಇಷ್ಟನ್ನೂ ನುಂಗಿಕೊಂಡೆ. ಸಂಕ್ರಾಂತಿಯ ಕೂಟದಲ್ಲಿ ಆದದ್ದು ಗಂಟಲಲ್ಲೇ ನಿಂತಿತು. ಊರಿನ ಕನ್ನಡದವರೆಲ್ಲ ಸೇರಿದ್ದರು. ನಾನು ಎಳ್ಳು ಬೀರುತ್ತಾ ನಿಮ್ಮ ಸಾಲಿಗೆ ಬಂದಾಗ ನೀವು ಎದ್ದು ನಿಂತು ಅಭಿನಯ ಮಾಡಿ ತೋರಿಸುತ್ತಿದ್ದಿರಿ. "ನಮ್ಮನೆಯೋಳು ಬ್ರೇಕು ಅಂದ್ಕೊಂಡು ಆಕ್ಸಿಲರೇಟರ್ ಒತ್ತಿದ್ದೇ ಒತ್ತಿದ್ದು! ಒತ್ತಿಬಿಟ್ಟು ಕಣ್ಣು ಮುಚ್ಕೊಂಡ್ಲು ನೋಡಿ!" ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಹೆಂಗಸಿನ ದನಿಯಲ್ಲಿ ಕಿರುಚಿದಿರಿ. ಕೂಟದ ಹಿರಿಯರು ಅನಂತರಾಮಯ್ಯನವರು ನಕ್ಕೂ ನಕ್ಕೂ ಕೆಮ್ಮಿದರು. ನನ್ನನ್ನು ನೋಡಿ, "ಏನಮ್ಮಾ, ಇನ್ನು ಸೌಟು ಹಿಡೀಬೇಕಾದ್ರೂ ಲೈಸೆನ್ಸ್ ಕೇಳ್ತಾರೆ ನಿನ್ನ!" ಅಂದರು. ನಾನು ಅವರ ಕೈಗೆ ಸಕ್ಕರೆ ಅಚ್ಚು ಇಟ್ಟು ಮುಂದಕ್ಕೆ ಹೋದೆ. ಒಬ್ಬ ಮನುಷ್ಯನ ಕಾಲು ಮುರಿದದ್ದು ನಿಮಗೆ ನಗೆಚಾಟಿಕೆಯಾಯಿತು. ನಿಮಗಾಗಿ ನಾನು ಹೊತ್ತುಕೊಂಡದ್ದನ್ನು ನನ್ನ ದಡ್ಡತನ ಎಂದು ಹಂಚಿದಿರಿ. ಕೇಳಿದ್ದಕ್ಕೆ, "ತಮಾಷೆಗೆ ಹೇಳಿದ್ರೆ ಯಾರೂ ಕೆದಕಿ ಕೇಳೋಲ್ಲ, ನಿಂಗೆ ತಿಳಿಯಲ್ಲ" ಅಂದಿರಿ.

ಅದೇ ಕೂಟದಲ್ಲಿ ಇನ್ನೊಂದು ಮಾತೂ ಹೇಳಿದಿರಿ. "ನಮ್ಮ ತಾರಾ ಈಗ ಗುಜರಾತಿ ಬಿಟ್ಟೇಬಿಟ್ಟಿದ್ದಾಳೆ, ಮನೇಲಿ ಅಚ್ಚ ಕನ್ನಡ" ಎಂದು. ಎಲ್ಲರೂ ಭೇಷ್ ಅಂದರು. ಅದು ನಿಜ, ಅವಳು ಬಿಟ್ಟಿದ್ದಳು. ಯಾಕೆ ಎಂದು ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ವಾರ ನೀವು ದೆಹಲಿಗೆ ಹೋದ ಮಾರನೇ ದಿನ ಅವಳ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿದರು. ದೀಪಾವಳಿ ರಜೆಯಲ್ಲಿ ಹುಡುಗಿಗೆ ಕಾಯಿಲೆಯೇನಾದರೂ ಬಂದಿತ್ತೇ ಎಂದು ಕೇಳಿದರು. ಪದ್ಯ ಹೇಳುವುದರಲ್ಲಿ ಮೊದಲ ಬಹುಮಾನ ತೆಗೆದುಕೊಂಡ ಹುಡುಗಿ, ಕ್ಲಾಸಿನಲ್ಲಿ ಮೂರು ತಿಂಗಳಿಂದ ಬಾಯಿ ತೆರೆದಿಲ್ಲವಂತೆ. ಹಾಜರಿ ಕೂಗಿದರೆ ಕೈ ಎತ್ತುತ್ತಾಳಂತೆ. ಪ್ರಶ್ನೆ ಕೇಳಿದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳಂತೆ. ಜೊತೆಯ ಹುಡುಗಿಯರು ಅವಳನ್ನು ಮೂಗಿ ಎಂದು ಕರೆಯಲು ಶುರು ಮಾಡಿದ್ದಾರೆ. ನೀವು ಭೇಷ್ ಅನ್ನಿಸಿಕೊಂಡ ಅಚ್ಚ ಕನ್ನಡ ಇದು.

ಮನೆಗೆ ಬಂದು ತಲೆ ಬಾಚುತ್ತಾ ಮೆಲ್ಲಗೆ ಕೇಳಿದೆ. "ಆ ದರ್ಜಿ ಮಾಮ ಸತ್ತುಹೋದ್ರಾ ಅಮ್ಮಾ?" ಅಂದಳು. ಇಲ್ಲವಲ್ಲ ಮಗು, ಬದುಕಿದ್ದಾರಲ್ಲ ಅಂದೆ. ನಂಬಲಿಲ್ಲ. ನಾವು ಅವರ ಸುದ್ದಿಯನ್ನೇ ಎತ್ತದೆ ಇದ್ದದ್ದರಿಂದ ಸತ್ತೇಹೋಗಿದ್ದಾರೆ ಎಂದು ತಿಳಿದಿದ್ದಳು. ಹತ್ತು ವರ್ಷದ ಮಗು ನೂರು ದಿನ ಒಬ್ಬಳೇ ಆ ಹೆಣ ಹೊತ್ತುಕೊಂಡು ಸ್ಕೂಲಿಗೆ ಹೋಗಿ ಬಂದಿದೆ, ನಾವಿಬ್ಬರೂ ಅದೇ ಮನೆಯಲ್ಲಿ ಊಟ ಮಾಡಿಕೊಂಡು ಇದ್ದೆವು. ವಕೀಲರು ಆ ಕಡೆ ಹೋಗಲೇಬೇಡಿ ಎಂದಿದ್ದಾರೆ ಎಂದು ನೀವು ಎಚ್ಚರಿಸಿದ್ದು ನೆನಪಿತ್ತು. ವಕೀಲರು ಇವಳನ್ನು ನೋಡಿಲ್ಲ. ಗುರುವಾರ ಬೆಳಿಗ್ಗೆ ಇಬ್ಬರೂ ಹೊರಟು ಬರೋಡಾಕ್ಕೆ ಬಂದೆವು, ನಿನ್ನೆ ಆ ಹಳ್ಳಿಗೆ ಹೋದೆವು.

ಛಗನ್‌ಭಾಯಿ ಜಗಲಿಯ ಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು. ಬಲಗಾಲು ಮುಂದಕ್ಕೆ ಚಾಚಿ ಒಂದು ಡಬ್ಬಿಯ ಮೇಲೆ ಇಟ್ಟಿತ್ತು. ಮೂಳೆ ಕೂಡಿದೆ, ಆದರೆ ಪಾದ ಮಡಿಸಲಾಗುವುದಿಲ್ಲ, ಮೆಷಿನ್ ತುಳಿಯುವುದಂತೂ ದೂರವೇ ಉಳಿಯಿತು. ಜಸೋದಾಬೇನ್ ಪಕ್ಕದಲ್ಲಿ ನಿಂತು ಕೈಯಿಂದ ಚಕ್ರ ತಿರುಗಿಸುತ್ತಿದ್ದಳು, ಅವರು ಬಟ್ಟೆ ನೂಕುತ್ತಿದ್ದರು. ಅವಳು ತಿರುಗಿಸಬೇಕು, ಅವರು ನಿಲ್ಲು ಅನ್ನಬೇಕು, ಅವಳು ನಿಲ್ಲಿಸಬೇಕು. ಒಂದು ಲಂಗಕ್ಕೆ ಅರ್ಧ ದಿನವಂತೆ. ನನ್ನನ್ನು ಕಂಡದ್ದೇ ಅವಳು ಚಕ್ರ ಬಿಟ್ಟು ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತಳು. ಅವಳ ಬಾಯಿಂದ ಬಂದ ಮಾತುಗಳಲ್ಲಿ ಅರ್ಧ ನನಗೆ ತಿಳಿಯಲಿಲ್ಲ, ತಿಳಿದ ಅರ್ಧವೇ ಸಾಕಾಗಿತ್ತು. ನಾನು ನಿಂತು ಕೇಳಿಸಿಕೊಂಡೆ.

ತಾರಾ ನನ್ನ ಕೈ ಬಿಡಿಸಿಕೊಂಡು ಜಗಲಿ ಹತ್ತಿದಳು. ಡಬ್ಬಿಯ ಮೇಲಿನ ಕಾಲನ್ನು ನೋಡಿದಳು. ಆಮೇಲೆ ಮಾತಾಡಿದಳು, ಗುಜರಾತಿಯಲ್ಲಿ, ಕಟ್ಟೆ ಒಡೆದ ಹಾಗೆ, ಬಿಕ್ಕುತ್ತಾ. ನಾನು ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಕೇಳಿ ಎಷ್ಟು ದಿನವಾಗಿತ್ತೋ. "ಕಾರು ಓಡಿಸ್ತಿದ್ದದ್ದು ಅಮ್ಮ ಅಲ್ಲ, ಅಪ್ಪ. ನಾನು ಗುಜರಾತಿ ಪದ್ಯ ಹೇಳಿದೆ, ಅದಕ್ಕೇ ಅಪ್ಪ ಹಿಂದಕ್ಕೆ ತಿರುಗಿದರು. ನಾನು ಹೇಳದೇ ಇದ್ದಿದ್ದರೆ ತಿರುಗುತ್ತಿರಲಿಲ್ಲ. ನಾನೇ ಮಾಡಿದ್ದು. ಆಮೇಲೆ ಪೊಲೀಸರಿಗೆ ಸುಳ್ಳೂ ಹೇಳಿದೆ."

ಓದಿದಿರಾ? ಇನ್ನೊಂದು ಸಲ ಓದಿ. ನಾನೇ ಮಾಡಿದ್ದು ಅಂದಳು. ನೀವು ನನ್ನ ಮೇಲೆ ಹಾಕಿದಿರಿ, ನಾನು ಹೊತ್ತೆ, ನಾವು ದೊಡ್ಡವರು. ಆದರೆ ಅದೆಲ್ಲ ಕೊನೆಗೆ ಹೋಗಿ ಕೂತದ್ದು ಈ ಮಗುವಿನ ತಲೆಯ ಮೇಲೆ. ಆ ಹೊತ್ತಿನಲ್ಲಿ ನೀವು ನನ್ನ ಎದುರಿಗೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ಛಗನ್‌ಭಾಯಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡು ಮಡಿಲಿನ ಬಟ್ಟೆಯಿಂದಲೇ ಮೂಗು ಒರೆಸಿದರು. "ಹುಚ್ಚಿ, ನನಗೆ ಅವತ್ತಿನಿಂದಲೇ ಗೊತ್ತು" ಅಂದರು. ಬಿದ್ದಾಗ ಅವರಿಗೆ ಎಚ್ಚರ ತಪ್ಪಿರಲಿಲ್ಲವಂತೆ. ಬಲಗಡೆ ಬಾಗಿಲಿನಿಂದ ಪ್ಯಾಂಟಿನ ಕಾಲು ಇಳಿದದ್ದನ್ನೂ, ಎಡಗಡೆಯಿಂದ ನಾನು ಚಪ್ಪಲಿ ಬಿಟ್ಟು ಓಡಿ ಬಂದದ್ದನ್ನೂ ನೋಡಿದ್ದರು. ಹಾಗಾದರೆ ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಯಾಕೆ ಹೇಳಲಿಲ್ಲ ಭಾಯಿ ಎಂದೆ. ಅವರು ನನ್ನ ಮುಖ ನೋಡದೆ, ದಾರ ಕತ್ತರಿಸುತ್ತಾ ಹೇಳಿದರು: "ಬೇನ್, ನಿಮ್ಮದಲ್ಲದ ತಪ್ಪನ್ನು ನೀವು ಒಪ್ಪಿಕೊಂಡಿದ್ದೀರಿ ಅಂದರೆ ಆ ಮನುಷ್ಯನಿಗೆ ನೀವು ಹೆದರುತ್ತೀರಿ ಅಂದುಕೊಂಡೆ. ನಾನು ಬೇರೆ ಹೇಳಿದರೆ ಮನೆಗೆ ಹೋದ ಮೇಲೆ ನಿಮ್ಮ ಗತಿ ಏನು? ನಿಮ್ಮ ಕೈಯಲ್ಲಿ ಒಡೆದ ಬಳೆ ನೋಡಿದ್ದೆ. ನನ್ನ ಕಾಲು ಹೇಗೂ ಮುರಿದಿತ್ತು."

ಜಸೋದಾಬೇನ್ ಈಗ ನನ್ನನ್ನು ಬಿಟ್ಟು ಗಂಡನ ಮೇಲೆ ತಿರುಗಿದಳು. "ಗೊತ್ತಿದ್ದೂ ಮೂರು ತಿಂಗಳು ತಪ್ಪಿಲ್ಲದವಳಿಗೆ ನನ್ನ ಕೈಯಲ್ಲಿ ಶಾಪ ಹಾಕಿಸಿದೆಯಾ, ಆ ಪಾಪ ಯಾರ ತಲೆಗೆ?" ಎಂದು ಅವರ ಮೇಲೆ ರೇಗಿದಳು. ಒಳಗೆ ಹೋದಳು. ಪಾತ್ರೆ ಕುಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಚಹಾ ತಂದು ನನ್ನ ಮುಂದೆ ಇಟ್ಟಳು. ನಾನು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು.

ನಾವು ಮದುವೆಯಾಗಿ ಹನ್ನೆರಡು ವರ್ಷ. ನನಗೆ ಮನೆಯಲ್ಲಿ ಏನಾಗಬಹುದು ಎಂದು ಯೋಚಿಸಿದವರು ನಮ್ಮ ಕಾರಿನ ಕೆಳಗೆ ಬಿದ್ದ ಒಬ್ಬ ದರ್ಜಿ. ನೀವು ನನ್ನನ್ನು ಯಾವತ್ತೂ ಹೊಡೆದವರಲ್ಲ, ಅದನ್ನು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ. ಹೇಳುತ್ತಿದ್ದಾಗ ನನಗೂ ಅದು ದೊಡ್ಡ ಹೆಗ್ಗಳಿಕೆ ಅನ್ನಿಸಲಿಲ್ಲ.

ಅಲ್ಲಿಂದ ಸೀದಾ ಕರ್ಜಣದ ಠಾಣೆಗೆ ಹೋದೆ. ಇನ್‌ಸ್ಪೆಕ್ಟರು ವಯಸ್ಸಾದವರು, ಮರ್ಯಾದಸ್ಥರು. ಕುರ್ಚಿ ಹಾಕಿಸಿದರು. ನಾನು ಬಂದ ಕಾರಣ ಕೇಳಿ ಪೆನ್ನು ಕೆಳಗಿಟ್ಟು ಹಿಂದಿಯಲ್ಲಿ ಬುದ್ಧಿ ಹೇಳಿದರು. "ಇಪ್ಪತ್ತನೇ ತಾರೀಖು ಕೋರ್ಟಿನಲ್ಲಿ ತಪ್ಪಾಯಿತು ಅನ್ನಿ, ಎರಡು ನಿಮಿಷದ ಕೆಲಸ. ಈಗ ಇದನ್ನು ಬರೆದರೆ ಮೊದಲು ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೂ ಕೇಸಾಗುತ್ತದೆ. ಸಾಹೇಬರನ್ನು ಕೇಳಿ ಬಂದಿದ್ದೀರಾ?" ಇಲ್ಲ ಅಂದೆ. ಮತ್ತೆ ಯಾರನ್ನು ಕೇಳಿ ಬಂದಿರಿ ಅಂದರು. ಯಾರನ್ನೂ ಇಲ್ಲ, ಬರೆದುಕೊಳ್ಳಿ ಅಂದೆ. ಅವರು ನಿಟ್ಟುಸಿರು ಬಿಟ್ಟು ಬೆಂಚಿನ ಮೇಲೆ ಕೂತಿದ್ದ ತಾರಾಳ ಕಡೆ ತಿರುಗಿದರು. ನಾನು ಎದ್ದು ಮಧ್ಯೆ ನಿಂತೆ. "ಮಗುವನ್ನು ಕೇಳಬೇಡಿ. ಒಂದು ಸಲ ಕೇಳಿದ್ದು ಸಾಕು. ನನ್ನನ್ನು ಕೇಳಿ." ಕಾಗದ ಕೊಟ್ಟರು. ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಸಹಿ ಮಾಡಿದೆ. ವಾಹನ ಚಲಾಯಿಸುತ್ತಿದ್ದವರ ಹೆಸರು ಎನ್ನುವಲ್ಲಿ ನಿಮ್ಮ ಹೆಸರು, ನಿಮ್ಮ ತಂದೆಯವರ ಹೆಸರು, ಹುದ್ದೆ, ಎಲ್ಲ ಪೂರ್ತಿ ಬರೆದಿದ್ದೇನೆ. ಪ್ರತಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ.

ನಿಮ್ಮ ಬಡ್ತಿ ಏನಾಗುತ್ತದೋ ನನಗೆ ಗೊತ್ತಿಲ್ಲ. ನಾಲ್ಕು ತಿಂಗಳ ಹಿಂದೆ ಆಗಿದ್ದರೆ ಅದನ್ನು ಯೋಚಿಸಿ ನಿದ್ದೆ ಬಿಡುತ್ತಿದ್ದೆ. ಅವತ್ತೇ ನೀವು ಆ ಕಾನ್‌ಸ್ಟೇಬಲ್ಲಿಗೆ ನಿಜ ಹೇಳಿದ್ದರೆ, ಕಾಲು ಮುರಿಯಿತು, ಅಪಘಾತ, ದಂಡ, ಎಂದು ಮುಗಿಯುತ್ತಿತ್ತು. ಈಗ ಅದಕ್ಕೆ ಸುಳ್ಳು ಸೇರಿದೆ. ಸೇರಿಸಿದವರು ನೀವು, ಕೈ ಹಾಕಿದವಳು ನಾನು. ಇಬ್ಬರೂ ಇಪ್ಪತ್ತಕ್ಕೆ ಕೋರ್ಟಿನಲ್ಲಿ ನಿಲ್ಲಬೇಕು.

ಅದಕ್ಕೆ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ತಾರಾಳ ಎದುರು ಕೂತು, ಅಪ್ಪ ತಿರುಗಿದ್ದು ಅಪ್ಪನ ತಪ್ಪು, ನಿನ್ನ ಪದ್ಯದ ತಪ್ಪಲ್ಲ ಎಂದು ಹೇಳಬೇಕು. ನಾನು ಹೇಳಿದ್ದೇನೆ, ಛಗನ್‌ಭಾಯಿ ಹೇಳಿದ್ದಾರೆ, ಇಂದಿರಾ ಹೇಳಿದ್ದಾಳೆ. ಅವಳು ನಿಮ್ಮ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾಳೆ. ಅದನ್ನು ಹೇಳುವಾಗ ನಗು ಬೇಡ, ಪುಸಲಾಯಿಸುವ ದನಿ ಬೇಡ. ಯಾವ ಭಾಷೆಯಲ್ಲಿ ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು.

ನಾನು ಮನೆಗೆ ಯಾವಾಗ ಬರುತ್ತೇನೆ ಎಂದು ಈಗ ಕೇಳಬೇಡಿ. ಇಪ್ಪತ್ತನೇ ತಾರೀಖು ನೀವು ಕಟಕಟೆಯಲ್ಲಿ ಏನು ಹೇಳುತ್ತೀರಿ ಎನ್ನುವುದನ್ನು ಕೇಳಿದ ಮೇಲೆ ಯೋಚಿಸುತ್ತೇನೆ.

ಇತಿ,
ರಮಾಮಣಿ

ಮರೆತ ಮಾತು: ನಾವು ರೈಲಿನಲ್ಲಿ ಬಂದಿದ್ದೇವೆ ಎಂದು ನೀವು ಇಷ್ಟು ಹೊತ್ತೂ ಅಂದುಕೊಂಡಿರುತ್ತೀರಿ. ಗ್ಯಾರೇಜು ತೆರೆದು ನೋಡಿ. ಅಹಮದಾಬಾದಿನಿಂದ ಬರೋಡಾಕ್ಕೆ, ಬರೋಡಾದಿಂದ ಆ ಹಳ್ಳಿಗೆ, ಅಲ್ಲಿಂದ ಕರ್ಜಣಕ್ಕೆ ನಾನೇ ಓಡಿಸಿಕೊಂಡು ಬಂದೆ. ಇನ್‌ಸ್ಪೆಕ್ಟರು ನಮ್ಮನ್ನು ಕಳಿಸಲು ಅಂಗಳಕ್ಕೆ ಬಂದವರು ಕಾರು ನೋಡಿ ಡ್ರೈವರ್ ಎಲ್ಲಿ ಅಂದರು. ನಾನೇ ಅಂದೆ. ನಿಮ್ಮ ಲೈಸೆನ್ಸು ನಮ್ಮ ಬೀರುವಿನಲ್ಲೇ ಇದೆಯಲ್ಲ ತಾಯಿ ಎಂದು ಹಣೆ ಚಚ್ಚಿಕೊಂಡರು. ವಾಪಸು ಒಳಗೆ ಕರೆದುಕೊಂಡು ಹೋಗಿ ಇನ್ನೊಂದು ಕೇಸು ಬರೆದರು, ಅದಕ್ಕೂ ಸಹಿ ಹಾಕಿ ಬಸ್ಸಿನಲ್ಲಿ ಬಂದೆವು. ಕಾರು ಈಗ ಠಾಣೆಯ ಕಾಂಪೌಂಡಿನಲ್ಲಿದೆ. ಮಾಲೀಕರೇ ಲೈಸೆನ್ಸು ತೆಗೆದುಕೊಂಡು ಖುದ್ದಾಗಿ ಬಂದು ಬಿಡಿಸಿಕೊಳ್ಳಬೇಕಂತೆ. ನಿಮ್ಮ ಲೈಸೆನ್ಸು ಮೇಜಿನ ಎಡಗಡೆ ಡ್ರಾಯರಿನಲ್ಲಿದೆ. ಕರ್ಜಣಕ್ಕೆ ಬೆಳಿಗ್ಗೆಯ ಪ್ಯಾಸೆಂಜರ್ ರೈಲು ಇದೆ.